ಹೆಸರು ಹುಡುಕುವ ಕಣ್ಣು ಮತ್ತು ಅಮೂರ್ತ ಚಿತ್ರ

ಯಾವ ವಸ್ತುವಿನ ರೂಪವನ್ನೂ ತೋರಿಸದ ಅಮೂರ್ತ ಚಿತ್ರದ ಮುಂದೆ ನಿಂತವರು ಸಾಮಾನ್ಯವಾಗಿ ಎರಡು ಮಾತು ಹೇಳುತ್ತಾರೆ. ಒಂದು, 'ಇದೇನು ಅಂತಾನೇ ಗೊತ್ತಾಗ್ತಿಲ್ಲ.' ಇನ್ನೊಂದು, 'ಇಷ್ಟನ್ನ ಮಕ್ಕಳೂ ಗೀಚ್ತಾರೆ ಬಿಡಿ.' ಎರಡನೆಯದನ್ನು ಮನಶ್ಶಾಸ್ತ್ರಜ್ಞರು ಪರೀಕ್ಷೆ ಮಾಡಿಯೇ ನೋಡಿದ್ದಾರೆ.

ಅಮೆರಿಕದ ಏಂಜೆಲಿನಾ ಹಾಲಿ-ಡೋಲನ್ ಮತ್ತು ಎಲೆನ್ ವಿನ್ನರ್ 2011ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಕಲಾವಿದರ ಒಂದು ಅಮೂರ್ತ ಚಿತ್ರ, ಪಕ್ಕದಲ್ಲಿ ನೋಡೋಕೆ ಅದರಂತೆಯೇ ಇರುವ ಇನ್ನೊಂದು. ಆ ಇನ್ನೊಂದು ಮಗುವಿನದೋ, ಚಿಂಪಾಂಜಿಯದೋ, ಆನೆಯದೋ ಆಗಿರುತ್ತಿತ್ತು. ಯಾವುದು ಇಷ್ಟ, ಯಾವುದು ಉತ್ತಮ ಕಲೆ ಎಂದು ವಿದ್ಯಾರ್ಥಿಗಳನ್ನು ಕೇಳಿದರು. ಕಣ್ಣುಮುಚ್ಚಿ ಆರಿಸಿದ್ದರೆ ಅರ್ಧಕ್ಕರ್ಧ ಬರಬೇಕಿತ್ತು. ಆದರೆ ಕಲಾವಿದರ ಚಿತ್ರಗಳೇ ಜಾಸ್ತಿ ಸಲ ಗೆದ್ದವು. ಮಜಾ ಏನೆಂದರೆ, ಕೆಲವು ಜೋಡಿಗಳಲ್ಲಿ ಚಿತ್ರ ಯಾರದ್ದೆಂದು ಹೇಳುವ ಚೀಟಿ ಅಂಟಿಸಿ, ಅದನ್ನು ಬೇಕೆಂದೇ ಅದಲುಬದಲು ಮಾಡಿದ್ದರು. ಆಗಲೂ ಫಲಿತಾಂಶ ಅದೇ. ಕಲೆ ಓದದವರ ತೀರ್ಮಾನವೂ ಕಲಾ ವಿದ್ಯಾರ್ಥಿಗಳದ್ದಕ್ಕಿಂತ ಬೇರೆಯಾಗಿರಲಿಲ್ಲ. ಎಷ್ಟೋ ಸಲ ತಪ್ಪಿದ್ದೂ ಇದೆ, ನಿಜ. ಆದರೂ ನಮಗೆ ಗೊತ್ತು ಅಂದುಕೊಂಡದ್ದಕ್ಕಿಂತ ಹೆಚ್ಚನ್ನು ನಮ್ಮ ಕಣ್ಣು ಗುರುತಿಸುತ್ತದೆ.

ಇನ್ನು ಮೊದಲ ಮಾತು. ನರವಿಜ್ಞಾನಿಗಳಾದ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ 1959ರಲ್ಲಿ ಬೆಕ್ಕಿನ ಮೆದುಳಿನಲ್ಲಿ ಒಂದು ವಿಚಿತ್ರ ಕಂಡರು. ಒಂದು ನರಕೋಶ ನೆಟ್ಟಗಿನ ಗೆರೆ ಕಂಡರೆ ಚುರುಕಾಗುತ್ತದೆ, ಇನ್ನೊಂದು ಓರೆ ಗೆರೆಗೆ. 1981ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಗೆರೆ, ಬಣ್ಣ, ಚಲನೆ ಎಲ್ಲವನ್ನೂ ಮೆದುಳು ಹೀಗೆ ಬಿಡಿಬಿಡಿಯಾಗಿ ಹಿಡಿದು, ಕೊನೆಗೆ ನೆನಪಿನ ನೆರವಿನಿಂದ 'ಮರ', 'ಮುಖ' ಎಂದು ಹೆಸರಿಡುತ್ತದೆ. ಹೆಸರು ಸಿಕ್ಕರೆ ಕೆಲಸ ಮುಗಿಯಿತು. ಅಮೂರ್ತ ಚಿತ್ರದಲ್ಲಿ ಆ ಹೆಸರೇ ಸಿಗುವುದಿಲ್ಲ. ಕಿರಿಕಿರಿ ಶುರುವಾಗುವುದು ಅಲ್ಲೇ.

ಸ್ವಲ್ಪ ಹೊತ್ತು ನಿಂತರೆ ಹುಡುಕಾಟ ತಣ್ಣಗಾಗಿ ಗೆರೆ, ಬಣ್ಣ, ಖಾಲಿ ಜಾಗ ಕಾಣತೊಡಗುತ್ತವೆ. ತೊಂದರೆ ಏನೆಂದರೆ ನಾವು ನಿಲ್ಲುವುದೇ ಇಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪ್ರಸಿದ್ಧ ಚಿತ್ರಗಳನ್ನು ನೋಡಿದವರಲ್ಲಿ ಅರ್ಧದಷ್ಟು ಮಂದಿ ಕೊಟ್ಟ ಸಮಯ ಸುಮಾರು 17 ಸೆಕೆಂಡೋ ಅದಕ್ಕಿಂತ ಕಡಿಮೆಯೋ!

ದೊಡ್ಡ ಹೆಸರುಗಳ ಮುಂದೆ ಇನ್ನೊಂದು ಕಷ್ಟವಿದೆ. ಅಮೆರಿಕದ ಪ್ರಸಿದ್ಧ ಅಮೂರ್ತ ಚಿತ್ರಕಾರ ಪೊಲಾಕ್ ಎಂದ ಕೂಡಲೇ ಕಣ್ಣಿಗಿಂತ ಮೊದಲು ಖ್ಯಾತಿ ಮಾತಾಡಿಬಿಡುತ್ತದೆ. ಅದಕ್ಕೇ ಕಡಿಮೆ ಕೇಳಿದ ಹೆಸರುಗಳಿಂದ ಶುರುಮಾಡುವುದು ಒಳ್ಳೆಯದು ಎನ್ನುತ್ತೇನೆ.

ಸ್ವೀಡನ್ನಿನ ಹಿಲ್ಮಾ ಆಫ್ ಕ್ಲಿಂಟ್ 1906ರಲ್ಲೇ ಅಮೂರ್ತ ಚಿತ್ರ ಬರೆಯತೊಡಗಿದ್ದರು. ಈ ಕಲೆಗೆ ರಷ್ಯಾದ ಚಿತ್ರಕಾರ ಕಾಂಡಿನ್‌ಸ್ಕಿಯೇ ಮೊದಲಿಗ ಎಂದು ಹೇಳಿಕೊಂಡು ಬಂದವರಿಗೆ ಇದು ಇರಿಸುಮುರಿಸು. 1907ರ ಹಿಲ್ಮಾ ಅವರ 'ಹತ್ತು ದೊಡ್ಡ ಚಿತ್ರಗಳು' ಮೂರು ಮೀಟರಿಗಿಂತ ಎತ್ತರ. ಆತ್ಮಗಳೇ ಬರೆಸಿದವು ಎಂದು ಆಕೆ ನಂಬಿದ್ದರು. ನಾವೇನೂ ನಂಬಬೇಕಿಲ್ಲ, ಚಿತ್ರ ಕೆಡುವುದಿಲ್ಲ. ತಾನು ಸತ್ತು 20 ವರ್ಷವಾಗುವವರೆಗೆ ಇವನ್ನು ಯಾರಿಗೂ ತೋರಿಸಬೇಡಿ ಎಂದು ಹೇಳಿಹೋದರು. ಆಕೆ ತೀರಿಕೊಂಡದ್ದು 1944ರಲ್ಲಿ. ಲೋಕದ ಕಣ್ಣಿಗೆ ಆ ಚಿತ್ರಗಳು ಬಿದ್ದದ್ದು 1986ರಲ್ಲಿ.

ಭಾರತದ ನಸ್ರೀನ್ ಮೊಹಮದಿ (1937–1990) ಅವರದ್ದು ತೀರಾ ಬೇರೆ ದಾರಿ. ಬಣ್ಣವೇ ಬೇಡ, ಕಾಗದದ ಮೇಲೆ ಶಾಯಿ ಮತ್ತು ಪೆನ್ಸಿಲ್ ಗೆರೆಗಳು, ಅಷ್ಟೆ. ಗೆರೆಗಳ ನಡುವಿನ ಅಂತರ ಕ್ರಮವಾಗಿ ಕಿರಿದಾದರೆ ಚಪ್ಪಟೆ ಕಾಗದ ದೂರಕ್ಕೆ ಓಡಿದಂತೆ ಕಾಣುತ್ತದೆ. ದೂರವನ್ನು ಅಳೆಯಲು ಮೆದುಳು ಬಳಸುವ ಸುಳಿವೇ ಅದು. ಕೊನೆಯ ವರ್ಷಗಳಲ್ಲಿ ನರರೋಗ ದೇಹದ ಹಿಡಿತ ತಪ್ಪಿಸುತ್ತಿತ್ತು, ಗೆರೆ ಮಾತ್ರ ಅಲುಗಲಿಲ್ಲ.

ಕ್ಯೂಬಾದಲ್ಲಿ ಹುಟ್ಟಿದ ಕಾರ್ಮೆನ್ ಹೆರೆರಾ ಅವರ ಮೊದಲ ಚಿತ್ರ ಮಾರಾಟವಾದದ್ದು 2004ರಲ್ಲಿ, 89ರ ವಯಸ್ಸಿನಲ್ಲಿ. ಬಿಳಿ ಕ್ಯಾನ್ವಾಸಿನ ಮೇಲೆ ಚೂಪಾದ ಹಸಿರು ತ್ರಿಕೋನ, ಇಷ್ಟೇ ಇರುವ ಚಿತ್ರಗಳಿವೆ ಅವರವು. ಅಂಥದ್ದೊಂದು ಸಿಕ್ಕರೆ ಹಸಿರನ್ನು ಬಿಟ್ಟು ಬಿಳಿಯನ್ನು ನೋಡಿ. ಒಂದು ಅಂಚು ಯಾವ ಬದಿಯ ಆಕಾರಕ್ಕೆ ಸೇರಿದ್ದು ಎಂದು ಮೆದುಳು ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಉತ್ತರ ಕೊಡುತ್ತದೆ. ಇಲ್ಲಿ ಆ ಉತ್ತರ ಬದಲಾಗಬಹುದು. ಬರೀ ಹಿನ್ನೆಲೆ ಅಂದುಕೊಂಡಿದ್ದ ಬಿಳಿಯೇ ಒಂದು ಆಕಾರವಾಗಿ ಮುಂದೆ ಬರುತ್ತದೆ, ಹಸಿರು ಹಿಂದೆ ಸರಿಯುತ್ತದೆ.