ಬೇರು ತೊಳೆದು ತರಬೇಡಿ

ಕಡೂರು ಕಡೆಯ ರೈತರೊಬ್ಬರು ಪ್ಲಾಸ್ಟಿಕ್ ಕವರಿನಲ್ಲಿ ನಾಲ್ಕು ಕಡಲೆಕಾಯಿ ಗಿಡ ತಂದಿದ್ದರು. ಗಿಡ ಪೂರ್ತಿ ಒಣಗಿತ್ತು, ಬೇರು ಮಾತ್ರ ಥಳಥಳ. "ಟೇಬಲ್ ಗಲೀಜಾಗುತ್ತೆ ಅಂತ ಬೋರ್‌ವೆಲ್ ಹತ್ರ ತೊಳ್ಕೊಂಡು ಬಂದೆ ಸಾರ್" ಅಂದರು. ನಾನು ನೋಡಬೇಕಿದ್ದದ್ದು ಆ ನೀರಿನ ಜೊತೆಗೇ ಹೋಗಿತ್ತು.

ಗಿಡ ಬಾಡಿದ್ದಕ್ಕೆ ಎಲೆ ನೋಡಿ ಕಾರಣ ಹೇಳೋದು ಕಷ್ಟ. ಮಳೆ ಕೈಕೊಟ್ಟರೂ ಬಾಡುತ್ತದೆ, ಗೊಣ್ಣೆಹುಳು ಬೇರು ಕಡಿದರೂ ಬಾಡುತ್ತದೆ. ಸಾಕ್ಷಿ ಇರೋದು ಬುಡದಲ್ಲಿ, ಮಣ್ಣಿಗೆ ತಾಗಿದ ಎರಡು ಬೆರಳಷ್ಟು ಜಾಗದಲ್ಲಿ. ಜಗ್ಗಿ ಕಿತ್ತರೆ ಕೊಳೆತ ಭಾಗ ಮಣ್ಣಲ್ಲೇ ಉಳಿಯುತ್ತದೆ. ಸುತ್ತ ಒಂದು ಗೇಣು ಬಿಟ್ಟು ಗುದ್ದಲಿ ಹಾಕಿ, ಹೆಂಟೆ ಸಮೇತ ಎತ್ತಬೇಕು. ಸತ್ತ ಗಿಡ ಬೇಡ, ಅದರ ಮೇಲೆ ಕಂಡ ಕಂಡ ಬೂಷ್ಟೆಲ್ಲ ಬಂದು ಕೂತಿರುತ್ತದೆ. ಒಂದೇ ಕೊಂಬೆ ಹಳದಿಯಾಗಿ ಈಗಷ್ಟೇ ಬಾಡುತ್ತಿರುವ ಗಿಡ ಹುಡುಕಿ.

ಮರುದಿನ ಅವರ ಹೊಲಕ್ಕೇ ಹೋದೆ. ಬೆಳೆ ಕಾಯಿ ಕಟ್ಟುತ್ತಿತ್ತು. ಹೆಂಟೆ ಬಿಡಿಸಿದರೆ ದಂಟಿನ ಬುಡಕ್ಕೆ ಹತ್ತಿ ಎಳೆ ಸುತ್ತಿದ ಹಾಗೆ ಬಿಳಿ ಬೂಷ್ಟು, ಅದರ ಮೇಲೆ ಸಾಸಿವೆಯಂಥ ಕಂದು ಗುಂಡುಗಳು. "ಇದು ಗೊಬ್ಬರದ ಕಾಳಲ್ವಾ?" ಅಂದರು. ಗೊಬ್ಬರವಾದರೆ ನೀರಿಗೆ ಹಾಕಿದಾಗ ಕರಗುತ್ತದೆ, ಇದು ಕರಗೋದಿಲ್ಲ. ಇದು ಸ್ಕ್ಲೆರೋಷಿಯಂ ಎಂಬ ಶಿಲೀಂಧ್ರ. ಎಳೆಯ ಗುಂಡು ಬೆಳ್ಳಗಿರುತ್ತದೆ, ಬಲಿತ ಮೇಲೆ ಕಂದಾಗಿ ಮಣ್ಣಿನಲ್ಲಿ ವರ್ಷಗಟ್ಟಲೆ ಕಾಯುತ್ತದೆ. ಇದೇ ಬುಡಕೊಳೆ ರೋಗ.

ಬಿತ್ತಿದ ತಿಂಗಳೊಳಗೆ ಸಸಿ ಸಾಯುತ್ತಿದ್ದು, ಕತ್ತಿನ ಹತ್ತಿರ, ಅಂದರೆ ದಂಟು ಮಣ್ಣಿಗೆ ತಾಗುವಲ್ಲಿ, ಮಸಿಯಂಥ ಪುಡಿ ಕಂಡರೆ ಅದು ಕತ್ತುಕೊಳೆ. ಈರುಳ್ಳಿ ಸಿಪ್ಪೆ ಮೇಲೆ ನೋಡಿರುತ್ತೀರಲ್ಲ, ಅದೇ ಕಪ್ಪು. ಬಿಸಿಲು ಜಾಸ್ತಿಯಾಗಿ ತೇವ ಆರಿದಾಗ ಬರೋದು ಒಣ ಬೇರುಕೊಳೆ. ಅದರಲ್ಲಿ ಬೇರಿನ ಸಿಪ್ಪೆ ನಾರು ನಾರಾಗಿ ಬಿಡುತ್ತದೆ, ಒಳಗೆ ಇದ್ದಿಲ ಪುಡಿ ಚೆಲ್ಲಿದಂತೆ ಸಣ್ಣ ಕಪ್ಪು ಚುಕ್ಕೆ.

ಬೂಷ್ಟು ಕಾಣದೆ ಅನುಮಾನ ಉಳಿದರೆ ಬುಡದ ತುಂಡನ್ನು ಒದ್ದೆ ಪೇಪರಿನ ಮೇಲಿಟ್ಟು ಹಳೇ ಟಿಫಿನ್ ಬಾಕ್ಸ್‌ನಲ್ಲಿ ಮುಚ್ಚಿಡಿ. ಎರಡು ಮೂರು ದಿನಕ್ಕೆ ಬಿಳಿಯೋ ಕಪ್ಪೋ ಗೊತ್ತಾಗುತ್ತದೆ. ಮನೆಯವರಿಗೆ ಮೊದಲೇ ಹೇಳಿಡಿ, ಅಷ್ಟೇ.

ಬಾಡಿದ ಗಿಡದ ಬುಡಕ್ಕೆ ಔಷಧಿ ಸುರಿಯೋದು ಸುಮ್ನೆ ಖರ್ಚು. ಮುಂದಿನ ಸಲ ಕಡಲೆಕಾಯಿ ಹಾಕುವಾಗ ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ (ರೋಗದ ಬೂಷ್ಟನ್ನು ತಡೆಯುವ ಒಳ್ಳೆಯ ಬೂಷ್ಟಿನ ಪುಡಿ) ಹಚ್ಚಿ ಬಿತ್ತಿ. ಅದಕ್ಕೂ ಮೊದಲು ರೋಗ ಬಂದ ಹೊಲಕ್ಕೆ ರಾಗಿಯೋ ಜೋಳವೋ ಹಾಕಿ. ನಮ್ಮ ಕಡೆ ಕಡಲೆಕಾಯಿ ಕೈಕೊಟ್ಟ ಕೂಡಲೇ ಟೊಮ್ಯಾಟೊ, ಆಲೂಗಡ್ಡೆ, ಈರುಳ್ಳಿ ಕಡೆ ತಿರುಗುತ್ತಾರೆ. ಸ್ಕ್ಲೆರೋಷಿಯಂ ಬೂಷ್ಟಿಗೆ ಅವೂ ಊಟವೇ. ಎಲೆ ಮೇಲೆ ಚುಕ್ಕೆ ಬೀಳುವ ಟಿಕ್ಕಾ ರೋಗಕ್ಕೆ ಉದುರಿದ ಎಲೆಯನ್ನೂ ಕಳೆ ತೆಗೆಯುವಾಗ ಗಿಡದ ಬುಡಕ್ಕೆ ಎಳೆಯಬೇಡಿ, ಅದನ್ನು ತಿಂದುಕೊಂಡೇ ಇದು ದಂಟಿಗೆ ಹತ್ತುತ್ತದೆ.

ಹೊರಡುವಾಗ, ಕಿತ್ತ ಗಿಡ ಎಲ್ಲಿ ಹಾಕಿದ್ರಿ ಅಂತ ಕೇಳಿದೆ. ತಿಪ್ಪೆ ತೋರಿಸಿದರು. ಅದೇ ಗೊಬ್ಬರ ಬರುವ ವರ್ಷ ಮತ್ತೆ ಹೊಲಕ್ಕೆ ಬರುತ್ತಲ್ಲ! ಇಬ್ಬರೂ ಸೇರಿ ಎರಡು ಹೊರೆ ಹೊರಗೆ ಎಳೆದು, ಬದುವಿನ ಮೇಲೆ ಒಣಗಲು ಹರಡಿ, ಎರಡು ದಿನ ಬಿಟ್ಟು ಬೆಂಕಿ ಹಾಕಿ ಅಂತ ಹೇಳಿ ಬಂದೆ.