ಬಿಜಿನೆಲ್ಲಿ ಕ್ರಿಯೆ: ಒಂದೇ ಫ್ಲಾಸ್ಕ್, ಮುಗಿಯದ ವೇಗವರ್ಧಕಗಳ ಸಾಲು

ಆಲ್ಡಿಹೈಡ್, ಬೀಟಾ-ಕೀಟೋ ಎಸ್ಟರ್, ಯೂರಿಯಾ ಮೂರನ್ನೂ ಒಂದೇ ಫ್ಲಾಸ್ಕಿಗೆ ಹಾಕಿ ಆಮ್ಲದ ಜೊತೆ ಕುದಿಸಿದರೆ ಡೈಹೈಡ್ರೋಪಿರಿಮಿಡಿನೋನ್ ಎಂಬ ಹೆಟರೋಸೈಕ್ಲಿಕ್ ಉಂಗುರ (ಇಂಗಾಲದ ಜೊತೆ ಸಾರಜನಕವೂ ಇರುವ ಉಂಗುರ) ಸಿಗುತ್ತದೆ. ಇದೇ ಬಿಜಿನೆಲ್ಲಿ ಕ್ರಿಯೆ. ಹೊರಹೋಗುವುದು ಎರಡು ಅಣು ನೀರು ಮಾತ್ರ. ಇಷ್ಟು ಸರಳ ಕ್ರಿಯೆಗೆ ಬಂದಿರುವ 'ಹೊಸ ವೇಗವರ್ಧಕ'ಗಳ ಪ್ರಬಂಧಗಳನ್ನು ನೋಡಿದರೆ ಪ್ರಾಜೆಕ್ಟ್ ಹಿಡಿದ ಎಂಎಸ್ಸಿ ವಿದ್ಯಾರ್ಥಿಗೆ ಎಲ್ಲಿಂದ ಶುರು ಮಾಡಬೇಕೆಂದೇ ತೋಚುವುದಿಲ್ಲ.

ಹೀಗೆ ಮೂರು ಅಥವಾ ಹೆಚ್ಚು ಪದಾರ್ಥಗಳು ಒಟ್ಟಿಗೆ ಸೇರುವ ಬಹುಘಟಕ ಕ್ರಿಯೆಗಳಿಗೆ 1850ರಲ್ಲಿ ಸ್ಟ್ರೆಕರ್ ದಾರಿ ಹಾಕಿದರು, 1880ರ ದಶಕದಲ್ಲಿ ಹಾಂಚ್ ಬಂದರು, 1891ರಲ್ಲಿ ಇಟಲಿಯ ಪಿಯೆತ್ರೊ ಬಿಜಿನೆಲ್ಲಿ. ಆಮೇಲೆ ಈ ಕ್ರಿಯೆ ದಶಕಗಟ್ಟಲೆ ಮೂಲೆ ಸೇರಿತ್ತು. ಹಾಂಚ್ ಕ್ರಿಯೆಯಿಂದ ಸಿಗುವ ಡೈಹೈಡ್ರೋಪಿರಿಡಿನ್ ವರ್ಗದ ನಿಫೆಡಿಪಿನ್ 1970ರ ದಶಕದಲ್ಲಿ ಹೃದಯದ ಔಷಧಿಯಾಗಿ ಗೆದ್ದ ಮೇಲೆ ಅದರ ಈ ಹತ್ತಿರದ ನೆಂಟನ ಮೇಲೂ ಕಣ್ಣು ಬಿತ್ತು. ಥಯೋಯೂರಿಯಾ (ಆಮ್ಲಜನಕದ ಬದಲು ಗಂಧಕವಿರುವ ಯೂರಿಯಾ) ಬಳಸಿ ಮಾಡುವ ಮೊನಾಸ್ಟ್ರಾಲ್ ಜೀವಕೋಶ ವಿಭಜನೆಯನ್ನು ತಡೆಯುತ್ತದೆಂದು 1999ರಲ್ಲಿ ತಿಳಿದಾಗ ಆಸಕ್ತಿ ಇನ್ನೂ ಏರಿತು.

ಮೊದಲು ಯಾವುದು ಯಾವುದರ ಜೊತೆ ಸೇರುತ್ತದೆ ಎಂಬ ವಾದವೂ ಬಹಳ ಕಾಲ ಎಳೆಯಿತು. 1973ರಲ್ಲಿ ಆಲ್ಡಿಹೈಡ್ ಮತ್ತು ಎಸ್ಟರ್ ಎಂದರು. 1997ರಲ್ಲಿ ರಸಾಯನಶಾಸ್ತ್ರಜ್ಞ ಕಾಪ್ಪೆ ಎನ್‌ಎಂಆರ್ (ಅಣುವಿನ ರಚನೆ ತಿಳಿಸುವ ಕಾಂತೀಯ ಪರೀಕ್ಷೆ) ಆಧಾರದಿಂದ ಆಲ್ಡಿಹೈಡ್ ಮತ್ತು ಯೂರಿಯಾ ಎಂದು ತೋರಿಸಿದರು. ಈಗ ಹೆಚ್ಚಿನವರು ಒಪ್ಪುವುದು ಇದನ್ನೇ.

ಹಳೆಯ ವಿಧಾನ ಹೀಗಿದೆ. 10 ಮಿಲಿಮೋಲ್ ಬೆಂಜಾಲ್ಡಿಹೈಡ್ (1.06 ಗ್ರಾಂ), ಅಷ್ಟೇ ಮೋಲ್ ಈಥೈಲ್ ಅಸಿಟೋಅಸಿಟೇಟ್ (1.30 ಗ್ರಾಂ), 15 ಮಿಲಿಮೋಲ್ ಯೂರಿಯಾ (0.90 ಗ್ರಾಂ), 10 ಎಂಎಲ್ ಎಥನಾಲ್, ನಾಲ್ಕೈದು ಹನಿ ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲ. ಟಿಎಲ್‌ಸಿಯಲ್ಲಿ (ತೆಳುಪದರದ ಮೇಲೆ ಪದಾರ್ಥಗಳನ್ನು ಚುಕ್ಕೆಗಳಾಗಿ ಬೇರ್ಪಡಿಸುವ ಪರೀಕ್ಷೆ) ಆಲ್ಡಿಹೈಡ್ ಚುಕ್ಕೆ ಮಾಯವಾಗುವವರೆಗೆ ಕೆಲವು ಗಂಟೆ ರಿಫ್ಲಕ್ಸ್ ಮಾಡಬೇಕು, ಅಂದರೆ ಆವಿಯನ್ನು ತಣಿಸಿ ಫ್ಲಾಸ್ಕಿಗೇ ಮರಳಿಸುತ್ತಾ ಕುದಿಸಬೇಕು. ಪುಡಿ ಐಸಿನ ಮೇಲೆ ಸುರಿದು, ಸೋಸಿ, ತಣ್ಣೀರಲ್ಲಿ ತೊಳೆದರೆ ಉಳಿದ ಯೂರಿಯಾ ಹೋಗುತ್ತದೆ. ಬಿಸಿ ಎಥನಾಲಿನಲ್ಲಿ ಮತ್ತೆ ಹರಳುಗಟ್ಟಿಸಿದ ಪದಾರ್ಥ ಸುಮಾರು 202 ಡಿಗ್ರಿಗೆ ಕರಗಬೇಕು. ಲೆಕ್ಕದ ಪ್ರಕಾರ ಪೂರ್ತಿ ಇಳುವರಿ 2.60 ಗ್ರಾಂ.

ಕೈಕೊಡುವುದು ಹೆಚ್ಚಾಗಿ ಹಳೆಯ ಬಾಟಲಿ. ಗಾಳಿಗೆ ಬೆಂಜೋಯಿಕ್ ಆಮ್ಲವಾಗಿರುವ ಬೆಂಜಾಲ್ಡಿಹೈಡನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ತೊಳೆದು ಬಟ್ಟಿ ಇಳಿಸದಿದ್ದರೆ ತೂಕವೇ ಸುಳ್ಳು. ಉಷ್ಣತೆ ಮಿತಿ ಮೀರಿದರೆ ಯೂರಿಯಾ ಒಡೆದು ಅಮೋನಿಯಾ ಬಿಡುತ್ತದೆ, ಆಗ ಹಾಂಚ್ ಡೈಹೈಡ್ರೋಪಿರಿಡಿನ್ ಬೆರಕೆಯಾಗುತ್ತದೆ. ಅಲಿಫ್ಯಾಟಿಕ್ ಆಲ್ಡಿಹೈಡುಗಳಿಗಂತೂ ಇಳುವರಿ ಕಡಿಮೆಯೇ.

ಆ ಕಡಿಮೆ ಇಳುವರಿಯೇ ವೇಗವರ್ಧಕಗಳ ಸಾಲಿಗೆ ನೆಪವಾಯಿತು: ಇಂಡಿಯಂ ಕ್ಲೋರೈಡ್, ಇಟರ್ಬಿಯಂ ಟ್ರೈಫ್ಲೇಟ್, ಫೆರಿಕ್ ಕ್ಲೋರೈಡ್, ಆಮೇಲೆ ನ್ಯಾನೋಕಣಗಳು. ಕೆಲವು ನಿಜಕ್ಕೂ ಉಪಯುಕ್ತ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಕೋಲ್ಕತ್ತದ ರಸಾಯನಶಾಸ್ತ್ರಜ್ಞ ರನು ಅವರ ತಂಡ 2002ರಲ್ಲೇ ದ್ರಾವಕವಿಲ್ಲದೆ, ವೇಗವರ್ಧಕವೂ ಇಲ್ಲದೆ, ಸುಮಾರು 100 ಡಿಗ್ರಿಗೆ ಕಾಯಿಸಿಯೇ ಒಳ್ಳೆಯ ಇಳುವರಿ ಪಡೆದಿತ್ತು. ಹಾಗಾಗಿ ದ್ರಾವಕವಿಲ್ಲದೆ 80–100 ಡಿಗ್ರಿಯಲ್ಲಿ '95 ಪ್ರತಿಶತ' ಎನ್ನುವ ಪ್ರಬಂಧ ಕೈಗೆ ಬಂದರೆ ಮೊದಲು ಹುಡುಕಬೇಕಾದದ್ದು ಅದೇ ಉಷ್ಣತೆ, ಅದೇ ಅವಧಿಯಲ್ಲಿ ವೇಗವರ್ಧಕ ಹಾಕದೆ ನಡೆಸಿದ ಪ್ರಯೋಗದ ಸಾಲನ್ನು. ಅದು ಕೋಷ್ಟಕದಲ್ಲಿ ಇಲ್ಲದಿದ್ದರೆ ಆ 95ರಲ್ಲಿ ಬರೀ ಶಾಖದ ಪಾಲೆಷ್ಟು ಎಂದು ಹೇಳಲಾಗದು. 'ಹಸಿರು' ಎಂಬ ಶೀರ್ಷಿಕೆಯ ಕೆಳಗೆ ಎರಡು ಗ್ರಾಂ ಪದಾರ್ಥಕ್ಕೆ ಶುದ್ಧೀಕರಿಸಲು ಸಿಲಿಕಾ ಕಾಲಂ ಹಾಕಿ ಲೀಟರ್‌ಗಟ್ಟಲೆ ಹೆಕ್ಸೇನ್ ದ್ರಾವಕ ಹರಿಸಿದ್ದಾರೆಯೇ ಎಂದೂ ನೋಡಿಕೊಳ್ಳಬೇಕು.