ಕಪ್ಪು ಫೈಲಿನೊಳಗೆ ಕೆರೀನಾ ನೆಬ್ಯುಲಾ

ಕೆರೀನಾ ನೆಬ್ಯುಲಾ ಅನ್ನುವ ಹೊಳೆಯುವ ಅನಿಲದ ಮೋಡ ಬೆಂಗಳೂರಿನ ಆಕಾಶದಲ್ಲಿ ಹೆಚ್ಚೆಂದರೆ 17 ಡಿಗ್ರಿ ಏರುತ್ತದೆ. ಅಷ್ಟು ತಗ್ಗಿನಲ್ಲಿ ಕಟ್ಟಡ, ಧೂಳು, ಬೀದಿದೀಪ ಎಲ್ಲಾ ಅಡ್ಡ. ಚಿಲಿಯ ಬೆಟ್ಟಗಳಿಂದ ಅದು 60 ಡಿಗ್ರಿ ಎತ್ತರದಲ್ಲಿರುತ್ತದೆ. ಅದಕ್ಕೇ ಇಲ್ಲಿಂದಲೇ, ಇಂಟರ್ನೆಟ್ ಮೂಲಕ ಅಲ್ಲಿನ ಟೆಲಿಸ್ಕೋಪ್ ಬಾಡಿಗೆಗೆ ಹಿಡಿಯುವುದು. ನಮ್ಮ ತಿಂಡಿ ಹೊತ್ತಿಗೆ ಅಲ್ಲಿ ನಡುರಾತ್ರಿ, ನಿದ್ದೆಗೆಡಬೇಕಿಲ್ಲ! (ಲಡಾಖಿನ ಹಾನ್ಲೆಯ 2 ಮೀಟರ್ ಟೆಲಿಸ್ಕೋಪನ್ನು ವಿಜ್ಞಾನಿಗಳು ನಡೆಸುವುದೂ ನಮ್ಮ ಹೊಸಕೋಟೆಯಿಂದಲೇ.)

ಟೆಲಿಸ್ಕೋಪಿನಿಂದ ಬಂದ ಫಿಟ್ಸ್ ಫೈಲು (ಖಗೋಳ ಚಿತ್ರಗಳ ಕಚ್ಚಾ ಫೈಲು) ತೆರೆದರೆ ಬರೀ ಕಪ್ಪು. ಗಾಬರಿ ಬೇಡ. ನೆಬ್ಯುಲಾದ ಬೆಳಕೆಲ್ಲ ಕಪ್ಪಿನ ಅಂಚಿನ ಸಣ್ಣ ಜಾಗದಲ್ಲಿ ಕೂತಿರುತ್ತದೆ. ಅದನ್ನು ಹಿಗ್ಗಿಸುವುದೇ ಸ್ಟ್ರೆಚ್. ಆದರೆ ಅದು ಕೊನೆಗೆ. ನಾನು ಮೊದಲೇ ಸ್ಟ್ರೆಚ್ ಮಾಡಿ, ಆಮೇಲೆ ಫ್ಲಾಟ್ ಹಾಕಿ ಒಂದು ಭಾನುವಾರ ಹಾಳುಮಾಡಿಕೊಂಡೆ.

ಫ್ಲಾಟ್ ಅಂದರೆ ಒಂದೇ ಸಮನಾದ ಬೆಳಕಿನ ಫೋಟೋ. ಫಿಲ್ಟರ್ ಮೇಲಿನ ಧೂಳು ಚಿತ್ರದಲ್ಲಿ ಉದ್ದಿನ ವಡೆಯ ಹಾಗೆ ಮಸುಕು ಬಳೆ ಬಿಡುತ್ತದೆ. ಧೂಳು ಬೆಳಕನ್ನು ಶೇಕಡಾ ಇಷ್ಟು ಅಂತ ತಡೆಯುತ್ತದೆ, ಹಾಗಾಗಿ ಫ್ಲಾಟ್‌ನಿಂದ ಭಾಗಿಸಬೇಕು. ಸ್ಟ್ರೆಚ್ ಆದಮೇಲೆ ಆ ಲೆಕ್ಕ ಕೂಡುವುದಿಲ್ಲ. ಬೆಳಕು ಬೀಳದಂತೆ ಮುಚ್ಚಿ ತೆಗೆದ ಫೋಟೋ, ಅಂದರೆ ಡಾರ್ಕ್ ಫ್ರೇಮನ್ನು, ಭಾಗಿಸದೆ ಕಳೆಯಬೇಕು. ಅದರ ಅವಧಿ, ಕ್ಯಾಮೆರಾ ಉಷ್ಣತೆ ಎರಡೂ ಚಿತ್ರದ್ದೇ ಇರಲಿ.

ಇನ್ನು ಸ್ಟ್ಯಾಕಿಂಗ್, ಅಂದರೆ ಒಂದೇ ಜಾಗದ ಹಲವು ಫೋಟೋಗಳನ್ನು (ಫ್ರೇಮು) ಒಂದರ ಮೇಲೊಂದು ಕೂಡಿಸುವುದು. ಫ್ರೇಮು ನಾಲ್ಕು ಪಟ್ಟಾದರೆ ಬೆಳಕೂ ನಾಲ್ಕು ಪಟ್ಟು ಸೇರುತ್ತದೆ. ನಾಯ್ಸ್ (ಚಿತ್ರದ ಕಾಳುಕಾಳು) ಮಾತ್ರ ಎರಡೇ ಪಟ್ಟು, ಯಾಕಂದರೆ ಒಂದು ಫ್ರೇಮಿನ ಏರನ್ನು ಇನ್ನೊಂದರ ಇಳಿತ ತಿನ್ನುತ್ತದೆ. 16 ಫ್ರೇಮಿಗೆ ಚಿತ್ರ ನಾಲ್ಕು ಪಟ್ಟು ಹಸನಾದರೆ, ಎಂಟು ಪಟ್ಟಿಗೆ 64 ಬೇಕು. ಐದು ನಿಮಿಷದ ಫ್ರೇಮಾದರೆ ಐದು ಗಂಟೆ ಇಪ್ಪತ್ತು ನಿಮಿಷ. ಜೇಬಿಗೆ ಬಿಸಿ ಮುಟ್ಟುವುದು ಇಲ್ಲೇ! ಫ್ರೇಮು ಜಾಸ್ತಿ ಇದ್ದರೆ ಉಪಗ್ರಹದ ಗೀರೂ ಹೋಗುತ್ತದೆ: ಉಳಿದವುಗಳಿಗಿಂತ ತೀರಾ ಬೇರೆಯಾದ ಪಿಕ್ಸೆಲ್ಲನ್ನು ಸಿರಿಲ್‌ನಂಥ ಉಚಿತ ಸಾಫ್ಟ್‌ವೇರೇ ಬಿಟ್ಟುಬಿಡುತ್ತದೆ.

ಬಣ್ಣ ಸುಳ್ಳಾ? ಒಂದೊಂದು ಅನಿಲದ ಬೆಳಕನ್ನೂ ಬೇರೆ ಫಿಲ್ಟರಿನಲ್ಲಿ ಹಿಡಿದು ಆಮೇಲೆ ಬಣ್ಣ ಕೊಡುವ ಕ್ರಮ ಹಬಲ್ ಪ್ಯಾಲೆಟ್. ಅದರಲ್ಲಿ ಗಂಧಕಕ್ಕೆ (ತರಂಗಾಂತರ 672 ನ್ಯಾನೋಮೀಟರ್) ಕೆಂಪು, ಹೈಡ್ರೋಜನ್‌ಗೆ (656) ಹಸಿರು, ಆಮ್ಲಜನಕಕ್ಕೆ (501) ನೀಲಿ. ಕಣ್ಣಿಗೆ ಮೊದಲೆರಡೂ ಕೆಂಪೇ. ಬೇರೆ ಬಣ್ಣ ಕೊಡದಿದ್ದರೆ ಯಾವ ಅನಿಲ ಎಲ್ಲಿದೆ ಅಂತ ಗೊತ್ತಾಗುವುದಿಲ್ಲ, ಅಲ್ವಾ? ಹೈಡ್ರೋಜನ್ ಜೋರಾಗಿರುವುದರಿಂದ ಮೊದಲು ಎಲ್ಲಾ ಹಸಿರಾಗಿ ಕಾಣುತ್ತದೆ, ಅದನ್ನು ತಗ್ಗಿಸಿ. ಬೆಳದಿಂಗಳು ಆಮ್ಲಜನಕದ ಫಿಲ್ಟರಿಗೆ ಜಾಸ್ತಿ ಕಾಡುತ್ತದೆ. ಚಂದ್ರನಿಲ್ಲದ ರಾತ್ರಿಗಳನ್ನು ಅದಕ್ಕೇ ಬುಕ್ ಮಾಡಿ. ಹುಣ್ಣಿಮೆಯ ಆಸುಪಾಸಿನ ದಿನಗಳು ಹೈಡ್ರೋಜನ್‌ಗೆ ಸಾಕು.